ಮಾಲ್ಡೀವ್ಸ್ ಕಡತಗಳ ಬೆನ್ನುಹತ್ತಿ: ವಿಜಯನಗರದಿಂದ ಒಂದು ರಕ್ಷಣಾ ಸಂಶೋಧನೆ

ಹಿಂದೂ ಮಹಾಸಾಗರದ ಭದ್ರತೆ ಮತ್ತು ಭಾರತ–ಮಾಲ್ಡೀವ್ಸ್ ಸಂಬಂಧದ ಕುರಿತು ನಾನು ಬರೆದ ಸಂಶೋಧನಾ ಪ್ರಬಂಧ ವಿದೇಶಿ ನಿಯತಕಾಲಿಕವೊಂದರಲ್ಲಿ ಪ್ರಕಟಣೆಗೆ ಕಳೆದ ತಿಂಗಳು ಸ್ವೀಕೃತವಾಯಿತು. ನಾನು ಯಾವ ಸಂಸ್ಥೆಯ ಉದ್ಯೋಗಿಯೂ ಅಲ್ಲ. ಬೆಂಗಳೂರಿನ ವಿಜಯನಗರದ ಬಾಡಿಗೆ ಮನೆಯಲ್ಲಿ ಕುಳಿತು ರಕ್ಷಣೆ ಮತ್ತು ವಿದೇಶಾಂಗ ನೀತಿಯ ಬಗ್ಗೆ ವಿಶ್ಲೇಷಣೆ ಬರೆಯುವವಳು. ಮಾಹಿತಿ ಹಕ್ಕಿನ ಅರ್ಜಿಯನ್ನು ಯಾವ ಮಾತಿನಲ್ಲಿ ಬರೆಯಬೇಕು, ದೆಹಲಿಯ ಪತ್ರಾಗಾರಕ್ಕೆ ಹೋಗುವಾಗ ಏನನ್ನು ಒಯ್ಯಬೇಕು, ಪ್ರಬಂಧದಲ್ಲಿ ನಕ್ಷೆ ಹಾಕಿದರೆ ಯಾವ ಕಾನೂನು ಅಡ್ಡ ಬರುತ್ತದೆ ಎಂಬುದನ್ನು ಕನ್ನಡದಲ್ಲಿ ಬರೆದಿಟ್ಟವರು ನನಗೆ ಸಿಗಲಿಲ್ಲ. ರಾಜ್ಯಶಾಸ್ತ್ರ ಓದಿ ಈ ಕ್ಷೇತ್ರಕ್ಕೆ ಬರಬೇಕೆಂದಿರುವ ತುಮಕೂರು, ಮೈಸೂರು, ಧಾರವಾಡದ ವಿದ್ಯಾರ್ಥಿಗಳಿಗಾಗಿ, ನೆನಪು ಹಸಿಯಾಗಿರುವಾಗಲೇ ಇದನ್ನು ಬರೆಯುತ್ತಿದ್ದೇನೆ.

ಮಾಲ್ಡೀವ್ಸ್ ಏಕೆ ಎಂದು ಬಹಳ ಜನ ಕೇಳಿದರು. ನಮ್ಮಲ್ಲಿ ಭದ್ರತೆ ಎಂದರೆ ಪಾಕಿಸ್ತಾನ, ಚೀನಾ. ಸಮುದ್ರ ಯಾರಿಗೂ ನೆನಪಾಗುವುದಿಲ್ಲ. ಲಕ್ಷದ್ವೀಪದ ಮಿನಿಕಾಯ್‌ನಿಂದ ಮಾಲ್ಡೀವ್ಸ್ ಇರುವುದು ಸುಮಾರು 70 ನಾಟಿಕಲ್ ಮೈಲಿ ದೂರದಲ್ಲಿ. ಭಾರತ ಆ ದೇಶಕ್ಕೆ ಕೊಟ್ಟ ಧ್ರುವ್ ಹೆಲಿಕಾಪ್ಟರ್ ಹುಟ್ಟಿದ್ದು ನಮ್ಮ ಊರಿನ ಎಚ್‌ಎಎಲ್‌ನಲ್ಲಿ. ಅದರ ಮೊದಲ ಹಾರಾಟ ನಡೆದದ್ದು 1992ರ ಆಗಸ್ಟ್‌ನಲ್ಲಿ, ಇಲ್ಲಿಯೇ. 2023ರ ನವೆಂಬರ್‌ನಲ್ಲಿ ಅಧಿಕಾರಕ್ಕೆ ಬಂದ ಅಧ್ಯಕ್ಷ ಮೊಹಮದ್ ಮುಯಿಝು, ಆ ಹೆಲಿಕಾಪ್ಟರ್‌ಗಳನ್ನೂ ಒಂದು ಡಾರ್ನಿಯರ್ ವಿಮಾನವನ್ನೂ ನೋಡಿಕೊಳ್ಳುತ್ತಿದ್ದ ಭಾರತೀಯ ಸೈನಿಕರು ಹೊರಡಬೇಕೆಂದರು. 2024ರ ಮೇ 10ರೊಳಗೆ ಅವರೆಲ್ಲ ವಾಪಸಾಗಿ, ಅವರ ಜಾಗಕ್ಕೆ ಸೇನೆಗೆ ಸೇರದ ತಾಂತ್ರಿಕ ಸಿಬ್ಬಂದಿ ಹೋದರು. 1988ರಲ್ಲಿ ಭಾರತದ ಸೈನ್ಯವನ್ನು ತಾನೇ ಕರೆಸಿಕೊಂಡ ದೇಶ ಮೂವತ್ತೈದು ವರ್ಷಗಳ ನಂತರ ಅದನ್ನು ಏಕೆ ವಾಪಸ್ ಕಳುಹಿಸಿತು? ಇದೇ ನನ್ನ ಪ್ರಶ್ನೆಯಾಗಿತ್ತು.

ಮೊದಲು ಮಾಡಿದ್ದು ಓದು. ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಗ್ರಂಥಾಲಯದಲ್ಲಿ ಹಳೆಯ ನಿಯತಕಾಲಿಕಗಳನ್ನು ತಿರುವಿದೆ, ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳನ್ನು ನೋಡಿದೆ. 1988ರ ಆ ಸೇನಾ ಕಾರ್ಯಾಚರಣೆ ‘ಆಪರೇಷನ್ ಕ್ಯಾಕ್ಟಸ್’ನ ರೂಪುರೇಷೆ ಅಲ್ಲಿಯೇ ಸ್ಪಷ್ಟವಾಯಿತು. 1988ರ ನವೆಂಬರ್ 3ರ ಬೆಳಗಿನ ಜಾವ ಅಬ್ದುಲ್ಲಾ ಲುತುಫಿ ಎಂಬ ಮಾಲ್ಡೀವ್ಸ್ ಉದ್ಯಮಿ, ಶ್ರೀಲಂಕಾದ ತಮಿಳು ಉಗ್ರರ ಗುಂಪಾದ ‘ಪ್ಲಾಟ್’ನ ಬಂದೂಕುಧಾರಿಗಳನ್ನು ಕರೆತಂದು ರಾಜಧಾನಿ ಮಾಲೆಯ ಮೇಲೆ ದಾಳಿ ನಡೆಸಿದ. ಅಧ್ಯಕ್ಷ ಗಯೂಮ್ ಅಡಗಿಕೊಂಡು ಹಲವು ದೇಶಗಳ ನೆರವು ಯಾಚಿಸಿದರು. ಅದೇ ರಾತ್ರಿ ಆಗ್ರಾದಿಂದ ಹೊರಟ ಐಎಲ್–76 ವಿಮಾನಗಳು ಎರಡು ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರ ಹಾರಿ ಹುಲುಲೆ ದ್ವೀಪದಲ್ಲಿ ಪ್ಯಾರಾ ಯೋಧರನ್ನು ಇಳಿಸಿದವು. ಒತ್ತೆಯಾಳುಗಳೊಂದಿಗೆ ಹಡಗಿನಲ್ಲಿ ಪರಾರಿಯಾಗುತ್ತಿದ್ದ ಗುಂಪನ್ನು ನೌಕಾಪಡೆಯ ಗೋದಾವರಿ ಮತ್ತು ಬೇತ್ವಾ ಬೆನ್ನಟ್ಟಿ ಹಿಡಿದವು.

ಕಥೆ ಇಷ್ಟು ಸರಳವಾಗಿ ಕಂಡರೂ ವಿವರಗಳು ಒಂದಕ್ಕೊಂದು ಹೊಂದುವುದಿಲ್ಲ. ದಾಳಿಕೋರರ ಸಂಖ್ಯೆ ಒಂದು ಬರಹದಲ್ಲಿ 80, ಇನ್ನೊಂದರಲ್ಲಿ 200ರವರೆಗೆ. ಮೂಲ ಕಡತಗಳನ್ನೇ ನೋಡಬೇಕೆಂಬ ಹಟ ನನ್ನಲ್ಲಿ ಹುಟ್ಟಿದ್ದು ಆಗ. ಹೊಸಬರಿಗೆ ಒಂದು ಮಾತು: ಇಂಥ ಭಿನ್ನತೆ ಕಂಡಾಗ ಯಾವುದೋ ಒಂದನ್ನು ಆರಿಸಿಕೊಂಡು ಮುಂದೆ ಹೋಗಬೇಡಿ. ಎರಡನ್ನೂ ಬರೆದಿಟ್ಟುಕೊಳ್ಳಿ, ಪಕ್ಕದಲ್ಲಿ ಪುಟಸಂಖ್ಯೆ ಹಾಕಿ. ನನ್ನ ಪ್ರಬಂಧದ ಪರಿಶೀಲಕರು ಮೊದಲು ಪ್ರಶ್ನಿಸಿದ್ದು ಇದೇ ಸಂಖ್ಯೆಯನ್ನು.

ಮಾಹಿತಿ ಹಕ್ಕಿನ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನನ್ನ ತಾಳ್ಮೆಯನ್ನು ಅತಿಹೆಚ್ಚು ಹೀರಿಕೊಂಡದ್ದು ಅದೇ. ಕೇಂದ್ರ ಸರ್ಕಾರದ ಇಲಾಖೆಗಳಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು, ಶುಲ್ಕ ಹತ್ತು ರೂಪಾಯಿ, ಅರ್ಜಿಯ ಪಠ್ಯ ಮೂರು ಸಾವಿರ ಅಕ್ಷರಗಳನ್ನು ಮೀರುವಂತಿಲ್ಲ. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಮಾಲ್ಡೀವ್ಸ್‌ಗೆ ಹೆಲಿಕಾಪ್ಟರ್ ಕೊಟ್ಟ ಒಪ್ಪಂದದ ಪ್ರತಿಯನ್ನೂ, ಆ ಹೆಲಿಕಾಪ್ಟರ್‌ಗಳು ರೋಗಿಗಳನ್ನು ಸಾಗಿಸಿದ ಹಾರಾಟಗಳ ವರ್ಷವಾರು ಸಂಖ್ಯೆಯನ್ನೂ ಕೇಳಿದೆ. ಇಲಾಖೆಯ ಹೆಸರು ಇಲ್ಲಿ ಬೇಡ. ಅರ್ಜಿ 6(3)ನೇ ಕಲಮಿನ ಅಡಿಯಲ್ಲಿ ಇನ್ನೊಂದು ಇಲಾಖೆಗೆ ವರ್ಗವಾಯಿತು, ಅಲ್ಲಿಂದ ಮತ್ತೊಂದಕ್ಕೆ. ಪ್ರತಿ ಸಲವೂ ಹೊಸ ನೋಂದಣಿ ಸಂಖ್ಯೆ. ದಿನಗಳ ಲೆಕ್ಕ ಮತ್ತೆ ಮೊದಲಿನಿಂದ ಶುರುವಾದಂತೆ ಅನಿಸುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಮೊಬೈಲ್‌ನಲ್ಲಿ ಅರ್ಜಿಯ ಸ್ಥಿತಿ ನೋಡುವುದು ಚಟವೇ ಆಗಿಹೋಯಿತು.

ಕೊನೆಗೆ ಬಂದ ಉತ್ತರ ಎರಡು ಸಾಲು: 8(1)(ಎ) ಕಲಮಿನ ಪ್ರಕಾರ ಮಾಹಿತಿ ನೀಡಲಾಗದು. ದೇಶದ ಭದ್ರತೆ, ವ್ಯೂಹಾತ್ಮಕ ಹಿತಾಸಕ್ತಿ, ವಿದೇಶಗಳೊಂದಿಗಿನ ಸಂಬಂಧ ಇವುಗಳಿಗೆ ಧಕ್ಕೆ ತರುವ ಮಾಹಿತಿಗೆ ಈ ಕಲಮು ವಿನಾಯಿತಿ ಕೊಡುತ್ತದೆ. ಇಪ್ಪತ್ತು ವರ್ಷ ಹಳೆಯದಾದ ಮಾಹಿತಿಯನ್ನು ಕೊಡಬೇಕೆಂಬ 8(3)ನೇ ಕಲಮೂ ಇದನ್ನು ಹೊರಗಿಟ್ಟಿದೆ. ಆ ಸಂಜೆ ಕೆಲಸ ಬಿಟ್ಟುಬಿಡಬೇಕೆನಿಸಿತು. ರೋಗಿಗಳನ್ನು ಆಸ್ಪತ್ರೆಗೆ ಸಾಗಿಸಿದ ಲೆಕ್ಕ ದೇಶದ ಭದ್ರತೆಗೆ ಹೇಗೆ ಧಕ್ಕೆ ತರುತ್ತದೆ ಎಂಬ ಸಿಟ್ಟಿನಲ್ಲಿಯೇ ಮೊದಲ ಮೇಲ್ಮನವಿ ಬರೆದೆ. ಅದಕ್ಕೆ ಶುಲ್ಕವಿಲ್ಲ; ಉತ್ತರ ಬಂದ ಮೂವತ್ತು ದಿನಗಳೊಳಗೆ ಹಾಕಬೇಕು. ಮೇಲ್ಮನವಿಯಲ್ಲಿ 10ನೇ ಕಲಮನ್ನು ಹೆಸರಿಸುವುದು ಮುಖ್ಯ. ಗೋಪ್ಯವಾದ ಭಾಗವನ್ನು ಬೇರ್ಪಡಿಸಿ ಉಳಿದದ್ದನ್ನು ಕೊಡಬೇಕೆನ್ನುವ ಕಲಮು ಅದು. ಒಪ್ಪಂದ ಮತ್ತು ಹಾರಾಟದ ಲೆಕ್ಕ ಬೇರೆ ಬೇರೆ, ಒಂದಕ್ಕೆ ಹೇಳಿದ ಕಾರಣ ಇನ್ನೊಂದಕ್ಕೆ ಅನ್ವಯಿಸದು ಎಂದು ಬರೆದೆ.

ಮೇಲ್ಮನವಿ ಪ್ರಾಧಿಕಾರಿ ಒಪ್ಪಂದವನ್ನು ನಿರಾಕರಿಸಿದರು. ಹಾರಾಟಗಳ ಬಗ್ಗೆ ಮಾತ್ರ, ಕೇಳಿದ ಮಾಹಿತಿಯ ಬಹುಭಾಗ ಸಂಸತ್ತಿನಲ್ಲಿ ಕೊಟ್ಟ ಲಿಖಿತ ಉತ್ತರದಲ್ಲಿಯೇ ಇದೆ ಎಂದು ತಿಳಿಸಿ ಅದರ ದಿನಾಂಕ ಕೊಟ್ಟರು. ಅದನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ತಿಂಗಳುಗಟ್ಟಲೆ ಬಾಗಿಲು ಬಡಿದು ಕೇಳಿದ ಸಂಗತಿ ಯಾರು ಬೇಕಾದರೂ ಓದಬಹುದಾದ ಜಾಗದಲ್ಲಿತ್ತು. ರಕ್ಷಣಾ ಸಂಶೋಧನೆಗೆ ರಹಸ್ಯ ಕಡತ ಬೇಕೆಂಬ ನಂಬಿಕೆ ನಮ್ಮಲ್ಲಿ ಬಹಳ ಬಲವಾಗಿದೆ. ನನಗೆ ಬೇಕಾಗಿದ್ದ ಹತ್ತರಲ್ಲಿ ಎಂಟು ಸಂಗತಿ ಬಹಿರಂಗ ದಾಖಲೆಗಳಲ್ಲಿಯೇ ಸಿಕ್ಕವು. ಯಾವ ದಾಖಲೆ ಎಲ್ಲಿರುತ್ತದೆ ಎಂದು ಹೇಳಿಕೊಡುವವರು ಮಾತ್ರ ಇರಲಿಲ್ಲ.

ಹಾಗಾಗಿ ಅದನ್ನು ಇಲ್ಲಿ ಹೇಳುತ್ತೇನೆ. ಸಂಸತ್ತಿನ ಪ್ರಶ್ನೋತ್ತರಗಳನ್ನು ಮೊದಲು ಹುಡುಕಿ. ವಿದೇಶಾಂಗ ವ್ಯವಹಾರಗಳ ಸ್ಥಾಯಿ ಸಮಿತಿ ‘ನೆರೆಹೊರೆ ಮೊದಲು’ ನೀತಿಯ ಬಗ್ಗೆ 2023ರಲ್ಲಿ ಸಲ್ಲಿಸಿದ ವರದಿಯಂಥವನ್ನು ಅಕ್ಷರಶಃ ಓದಿ. ಸಮಿತಿಯ ಪ್ರಶ್ನೆಗಳಿಗೆ ಸಚಿವಾಲಯ ಕೊಟ್ಟ ಉತ್ತರಗಳು ಅದರೊಳಗೇ ಇರುತ್ತವೆ. ವಿದೇಶಾಂಗ ಸಚಿವಾಲಯದ ವಾರ್ಷಿಕ ವರದಿ ಮತ್ತು ಸಿಎಜಿ ವರದಿಗಳನ್ನು ಬಿಡಬೇಡಿ. ಆಯವ್ಯಯದ ಅಂಕಿಗಳನ್ನು ಎತ್ತಿಕೊಳ್ಳುವಾಗ ಎಚ್ಚರ ಬೇಕು. 2024–25ಕ್ಕೆ ಮಾಲ್ಡೀವ್ಸ್ ನೆರವು ಫೆಬ್ರವರಿಯ ಮಧ್ಯಂತರ ಬಜೆಟ್‌ನಲ್ಲಿ 600 ಕೋಟಿ ರೂಪಾಯಿ, ಚುನಾವಣೆಯ ನಂತರ ಜುಲೈನಲ್ಲಿ ಮಂಡಿಸಿದ ಪೂರ್ಣ ಬಜೆಟ್‌ನಲ್ಲಿ 400 ಕೋಟಿ. ಒಂದೇ ವರ್ಷಕ್ಕೆ ಎರಡು ಅಂಕಿ. ಯಾವ ದಾಖಲೆಯದು ಎಂದು ಬರೆಯದಿದ್ದರೆ ಇಡೀ ವಾದ ಕುಸಿಯುತ್ತದೆ. ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ ಶಸ್ತ್ರಾಸ್ತ್ರ ವರ್ಗಾವಣೆ ದತ್ತಾಂಶದಲ್ಲಿಯೂ ಹೀಗೆಯೇ ಜಾಗರೂಕರಾಗಿರಿ. ಅಲ್ಲಿ ಕಾಣುವುದು ಡಾಲರ್ ಬೆಲೆಯಲ್ಲ, ಶಸ್ತ್ರಗಳ ಸಾಮರ್ಥ್ಯವನ್ನು ಅಳೆಯಲು ಆ ಸಂಸ್ಥೆ ರೂಪಿಸಿಕೊಂಡ ಸೂಚ್ಯಂಕ ಮೌಲ್ಯ.

ದೆಹಲಿ ಪ್ರಯಾಣ ಮಾಡಿದ್ದು ಚಳಿಗಾಲದಲ್ಲಿ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ. ಕೋಣೆ, ಊಟ, ಓಡಾಟ, ಪ್ರತಿ ಮಾಡಿಸಿದ ಖರ್ಚು ಎಲ್ಲ ಸೇರಿ ಇಪ್ಪತ್ತು ಸಾವಿರ ರೂಪಾಯಿ ದಾಟಿತು. ಇಡೀ ಸಂಶೋಧನೆಯಲ್ಲಿ ನನ್ನ ಕೈಯಿಂದ ಹೋದ ದೊಡ್ಡ ಮೊತ್ತ ಇದೇ. ಜನಪಥದ ರಾಷ್ಟ್ರೀಯ ಪತ್ರಾಗಾರದಲ್ಲಿ ನೋಂದಾಯಿಸಿಕೊಳ್ಳಲು ಗುರುತಿನ ಚೀಟಿಯ ಜೊತೆಗೆ ಸಂಸ್ಥೆಯೊಂದರ ಪರಿಚಯ ಪತ್ರ ಬೇಕು. ನನ್ನಂಥ ಸ್ವತಂತ್ರ ಸಂಶೋಧಕರಿಗೆ ಇದೇ ಮೊದಲ ಗೋಡೆ. ಎಂ.ಎ. ತರಗತಿಯಲ್ಲಿ ಪಾಠ ಮಾಡಿದ ಪ್ರಾಧ್ಯಾಪಕರನ್ನು ಕೇಳಿಕೊಂಡು, ವಿಭಾಗದ ಮುದ್ರೆಯಿರುವ ಪತ್ರ ಪಡೆದೆ. ರೈಲು ಟಿಕೆಟ್ ಮಾಡಿಸುವ ಮೊದಲು ಈ ಪತ್ರ ಕೈಯಲ್ಲಿರಲಿ. ಪತ್ರದಲ್ಲಿ ವಿಷಯ ಮತ್ತು ಕಾಲಾವಧಿ ಎರಡೂ ನಮೂದಾಗಿರಲಿ. ಹೊರಡುವ ಮುನ್ನ ಪತ್ರಾಗಾರದ ‘ಅಭಿಲೇಖ್ ಪಟಲ್’ ಪೋರ್ಟಲ್‌ನಲ್ಲಿ ಹುಡುಕಿ, ಬೇಕಾದ ಕಡತಗಳ ಸಂಖ್ಯೆಗಳನ್ನು ಬರೆದುಕೊಂಡು ಹೋಗಿ. ಡಿಜಿಟಲ್ ರೂಪದಲ್ಲಿಯೇ ಸಿಗುವುದನ್ನು ನೋಡಲು ದೆಹಲಿಗೆ ಹೋಗಬೇಕಿಲ್ಲ.

1993ರ ಸಾರ್ವಜನಿಕ ದಾಖಲೆಗಳ ಕಾಯಿದೆಯ ಪ್ರಕಾರ, ಮೂವತ್ತು ವರ್ಷ ದಾಟಿದ, ಗೋಪ್ಯವಲ್ಲದ, ಪತ್ರಾಗಾರಕ್ಕೆ ವರ್ಗವಾದ ದಾಖಲೆಗಳನ್ನು ಸಂಶೋಧಕರು ನೋಡಬಹುದು. 1988ರ ಘಟನೆಗೆ ಮೂವತ್ತು ವರ್ಷ ತುಂಬಿ ಹೋಗಿದೆ. ಕಡತ ಸಿಕ್ಕೇ ಸಿಗುತ್ತದೆಂದು ನಂಬಿದ್ದೆ. ಬೇಡಿಕೆ ಚೀಟಿಗಳು ಒಂದೊಂದಾಗಿ ‘ಎನ್‌ಟಿ’ ಎಂಬ ಗುರುತಿನೊಂದಿಗೆ ಮರಳಿದವು. ಸಂಬಂಧಿಸಿದ ಇಲಾಖೆಯಿಂದ ಇನ್ನೂ ವರ್ಗವಾಗಿಲ್ಲ ಎಂದು ಅದರ ಅರ್ಥ. ಓದುಕೋಣೆಯಲ್ಲಿ ಅಕ್ಕಪಕ್ಕ ಕುಳಿತವರಿಗೆಲ್ಲ ಈ ಎರಡು ಅಕ್ಷರ ಪರಿಚಿತ. ಯಾರದಾದರೂ ಚೀಟಿ ಮರಳಿದಾಗ ಅವರು ನೋಡುವ ನೋಟದಲ್ಲಿ ಸಹಾನುಭೂತಿ ಇರುತ್ತದೆ. ವರ್ಗವಾಗುವ ಮೊದಲು ಗೋಪ್ಯತೆಯ ಮುದ್ರೆ ಇಳಿಯಬೇಕು, ಅದಕ್ಕೆ ಯಾರಾದರೂ ಕುಳಿತು ಪುಟಪುಟವನ್ನೂ ಓದಬೇಕು. ಯುದ್ಧ ಮತ್ತು ಸೇನಾ ಕಾರ್ಯಾಚರಣೆಗಳ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಗಳಲ್ಲಿ ಬಹಿರಂಗಗೊಳಿಸಬೇಕೆಂಬ ನೀತಿಯನ್ನು ರಕ್ಷಣಾ ಸಚಿವಾಲಯ 2021ರ ಜೂನ್‌ನಲ್ಲಿ ಪ್ರಕಟಿಸಿತು. 1962ರ ಚೀನಾ ಯುದ್ಧದ ಸೋಲನ್ನು ಪರಿಶೀಲಿಸಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿಯನ್ನೇ ಸರ್ಕಾರ ಇನ್ನೂ ಅಧಿಕೃತವಾಗಿ ಬಿಡುಗಡೆ ಮಾಡಿಲ್ಲ. ಹಳೆಯ ಸೋಲನ್ನೂ ಹಳೆಯ ಗೆಲುವನ್ನೂ ಒಂದೇ ಬೀರುವಿನಲ್ಲಿ ಬೀಗ ಹಾಕಿಟ್ಟರೆ ದೇಶ ಎರಡರಿಂದಲೂ ಕಲಿಯುವುದಿಲ್ಲ. ಇದನ್ನು ನಾನು ಪ್ರಬಂಧದಲ್ಲಿಯೂ ಬರೆದಿದ್ದೇನೆ.

ನನ್ನ ನಿರಾಸೆ ಕಂಡ ಪತ್ರಾಗಾರದ ಸಿಬ್ಬಂದಿಯೊಬ್ಬರು, ಇನ್ನೂ ಹಿಂದಿನ ವರ್ಷಗಳ ಸೂಚಿಯನ್ನು ನೋಡಿ ಎಂದರು. ಆ ಸಲಹೆ ಪ್ರಬಂಧದ ದಿಕ್ಕನ್ನೇ ಬದಲಿಸಿತು. ಮಾಲ್ಡೀವ್ಸ್ 1965ರಲ್ಲಿ ಸ್ವತಂತ್ರವಾದರೂ ದಕ್ಷಿಣ ತುದಿಯ ಗಾನ್ ದ್ವೀಪದಲ್ಲಿ ಬ್ರಿಟಿಷ್ ವಾಯುನೆಲೆ 1976ರವರೆಗೆ ಇತ್ತು. ಅವರು ತೆರವು ಮಾಡಿದ ಮರುವರ್ಷ ಸೋವಿಯತ್ ಒಕ್ಕೂಟ ಆ ನೆಲೆಯನ್ನು ಬಾಡಿಗೆಗೆ ಕೇಳಿತು. ಅಧ್ಯಕ್ಷ ಇಬ್ರಾಹಿಂ ನಾಸಿರ್ ನಿರಾಕರಿಸಿದರು. ಅದೇ 1976ರಲ್ಲಿ ಭಾರತ ಮತ್ತು ಮಾಲ್ಡೀವ್ಸ್ ತಮ್ಮ ಕಡಲಗಡಿಯ ಒಪ್ಪಂದಕ್ಕೆ ಸಹಿ ಹಾಕಿದವು. ಅಂಚುಗಳು ಉದುರುತ್ತಿದ್ದ ಟೈಪ್ ಹಾಳೆಗಳು, ಬದಿಯಲ್ಲಿ ಹಸಿರು ಶಾಯಿಯ ಟಿಪ್ಪಣಿಗಳು: ಅವನ್ನು ಕೈಯಲ್ಲಿ ಹಿಡಿದಾಗ ಆದ ಸಂತೋಷವನ್ನು ಹೇಳುವುದು ಕಷ್ಟ. ವಿದೇಶಿ ಸೈನಿಕರ ಬಗ್ಗೆ ಮಾಲ್ಡೀವ್ಸ್‌ನ ಅಳುಕು 2023ರಲ್ಲಿ ಹುಟ್ಟಿದ್ದಲ್ಲ, ಅದಕ್ಕೆ ಭಾರತದ ಹೆಲಿಕಾಪ್ಟರ್‌ಗಿಂತ ಹಳೆಯ ಇತಿಹಾಸವಿದೆ ಎಂಬುದು ನನ್ನ ಪ್ರಬಂಧದ ಮುಖ್ಯ ವಾದವಾಗಿ ನಿಂತದ್ದು ಆ ಓದುಕೋಣೆಯಲ್ಲಿ. 2018ರಲ್ಲಿ ಅಧ್ಯಕ್ಷ ಯಮೀನ್ ಅವರ ಸರ್ಕಾರ ಹೆಲಿಕಾಪ್ಟರ್‌ಗಳನ್ನು ವಾಪಸ್ ಒಯ್ಯಲು ಹೇಳಿದ್ದೂ, ನಂತರ ಬಂದ ಸೋಲಿಹ್ ಸರ್ಕಾರ ಉಳಿಸಿಕೊಂಡದ್ದೂ ಆ ಇತಿಹಾಸದ ಬೆಳಕಿನಲ್ಲಿ ಬೇರೆಯೇ ಆಗಿ ಕಂಡವು.

ಬೆಂಗಳೂರಿಗೆ ಮರಳಿದ ಮೇಲೆ ಸಂದರ್ಶನಗಳು. ನಿವೃತ್ತ ಸೇನಾಧಿಕಾರಿಗಳು ಇಷ್ಟೊಂದು ಸಂಖ್ಯೆಯಲ್ಲಿ ನೆಲೆಸಿರುವ ಊರು ನಮ್ಮದು. ಇದು ಇಲ್ಲಿನ ಸಂಶೋಧಕರಿಗೆ ಸಿಕ್ಕ ಭಾಗ್ಯ. 1988ರಲ್ಲಿ ಸೇವೆಯಲ್ಲಿದ್ದ ಹಿರಿಯರೊಬ್ಬರು ಮನೆಗೆ ಕರೆದು, ಕಾಫಿ ಕೊಟ್ಟು, ಮಧ್ಯಾಹ್ನವಿಡೀ ಮಾತನಾಡಿದರು. ಯೋಜನೆ ಮಾಡುವವರ ಕೈಯಲ್ಲಿ ಸರಿಯಾದ ನಕ್ಷೆಯೂ ಇರಲಿಲ್ಲ, ಪ್ರವಾಸಿ ನಕ್ಷೆಗಳನ್ನು ನೆಚ್ಚಬೇಕಾಯಿತು ಎಂಬುದು ಪ್ರಕಟಿತ ನೆನಪುಗಳಲ್ಲಿಯೂ ಇದೆ. ಅದನ್ನು ಅವರ ಬಾಯಲ್ಲಿ ಕೇಳಿದಾಗ ಅದರ ತೂಕವೇ ಬೇರೆಯಾಯಿತು. ರಕ್ಷಣಾ ಸಂಶೋಧನೆಯ ಸರ್ಕಾರಿ ಸಂಸ್ಥೆಯಾದ ಡಿಆರ್‌ಡಿಒದಲ್ಲಿ ಕೆಲಸ ಮಾಡಿ ನಿವೃತ್ತರಾದ ಇನ್ನೊಬ್ಬರು ಮಾತ್ರ ವಿನಯದಿಂದಲೇ ನಿರಾಕರಿಸಿದರು. ಕಾರಣ ಸರಿಯಾದದ್ದೇ. ಮಾಹಿತಿ ಹಕ್ಕು ಕಾಯಿದೆಯ ಎರಡನೇ ಅನುಸೂಚಿಯಲ್ಲಿರುವ ಗುಪ್ತಚರ ಮತ್ತು ಭದ್ರತಾ ಸಂಸ್ಥೆಗಳಿಂದ ನಿವೃತ್ತರಾದವರು, ಪೂರ್ವಾನುಮತಿಯಿಲ್ಲದೆ ಆ ಸಂಸ್ಥೆಯ ವ್ಯಾಪ್ತಿಯ ವಿಷಯಗಳನ್ನು ಪ್ರಕಟಿಸಬಾರದೆಂದು 2021ರ ಮೇ ತಿಂಗಳಲ್ಲಿ ಪಿಂಚಣಿ ನಿಯಮಕ್ಕೆ ತಿದ್ದುಪಡಿಯಾಗಿದೆ. ಡಿಆರ್‌ಡಿಒ ಆ ಪಟ್ಟಿಯಲ್ಲಿದೆ. ಹಿರಿಯರ ಪಿಂಚಣಿಗೆ ಕುತ್ತು ತರುವ ಪ್ರಶ್ನೆಯನ್ನು ದಯವಿಟ್ಟು ಕೇಳಬೇಡಿ. ಯಾರನ್ನೇ ಸಂದರ್ಶಿಸಿದರೂ ಲಿಖಿತ ಒಪ್ಪಿಗೆ ಪಡೆಯಿರಿ, ಹೆಸರು ಬಳಸಬಹುದೇ ಎಂದು ಕೇಳಿ, ಮುಗಿದುಹೋದ ನಿರ್ಧಾರಗಳ ಬಗ್ಗೆ ಮಾತ್ರ ಮಾತನಾಡಿಸಿ. ಈಗಿನ ನಿಯೋಜನೆ, ಈಗಿನ ಸಾಮರ್ಥ್ಯ ನಮಗೆ ಬೇಡ. 1923ರ ಅಧಿಕೃತ ರಹಸ್ಯಗಳ ಕಾಯಿದೆ ಇಂದಿಗೂ ಜಾರಿಯಲ್ಲಿದೆ.

ನಿಜವಾಗಿ ಹೆದರಿದ್ದು ಬೇರೊಂದು ಕಾರಣಕ್ಕೆ. ನನ್ನ ಒಂದೆರಡು ಲೇಖನಗಳು ಹೊರಬಂದ ಬಳಿಕ, ಹೆಸರು ಕೇಳಿರದ ಸಲಹಾ ಸಂಸ್ಥೆಯೊಂದರಿಂದ ಇಮೇಲ್ ಬಂತು. ಎರಡು ಪುಟದ ವಿಶ್ಲೇಷಣೆಗೆ ಡಾಲರ್‌ಗಳಲ್ಲಿ ಸಂಭಾವನೆ ಕೊಡುವುದಾಗಿ ಹೇಳಿದರು. ಮುಂದಿನ ಪತ್ರದಲ್ಲಿ, ಪಶ್ಚಿಮ ಕರಾವಳಿಯ ನೌಕಾನೆಲೆಗಳ ಚಟುವಟಿಕೆಯ ಬಗ್ಗೆ ‘ನಿಮ್ಮ ಪರಿಚಿತರಿಂದ’ ತಿಳಿದು ಬರೆಯಿರಿ ಎಂದಿತ್ತು. ಕಾರವಾರದ ಕದಂಬ ನೆಲೆಯ ಹೆಸರನ್ನೇ ಎತ್ತಿದ್ದರು. ಉತ್ತರಿಸಲಿಲ್ಲ. ಪತ್ರಗಳನ್ನು ಅಳಿಸದೆ ಉಳಿಸಿಕೊಂಡು, ನನ್ನ ಪ್ರಾಧ್ಯಾಪಕರಿಗೂ ವಕೀಲರಾದ ಗೆಳತಿಗೂ ತೋರಿಸಿ, ಪೊಲೀಸರಿಗೆ ಲಿಖಿತ ಮಾಹಿತಿ ಕೊಟ್ಟೆ. ಕೆಲವು ರಾತ್ರಿ ನಿದ್ದೆ ಬರಲಿಲ್ಲ. ಹಣದ ಅಗತ್ಯವಿರುವ ಯುವ ಸಂಶೋಧಕರನ್ನೇ ಇಂಥವರು ಹುಡುಕುತ್ತಾರೆ. ಬಹಿರಂಗ ಮೂಲ ಬಿಟ್ಟು ‘ಪರಿಚಿತರ’ ಮಾತು ಕೇಳುವವರ ಜೊತೆ ಒಂದು ಅಕ್ಷರದ ವ್ಯವಹಾರವೂ ಬೇಡ.

ಬರವಣಿಗೆ ಮುಗಿದ ಮೇಲೆ ನಕ್ಷೆಯ ಸಮಸ್ಯೆ ಎದುರಾಯಿತು. ಪ್ರಬಂಧವನ್ನು ಪರಿಶೀಲನೆಗೆ ತೆಗೆದುಕೊಂಡ ವಿದೇಶಿ ನಿಯತಕಾಲಿಕ ತನ್ನದೇ ನಕ್ಷೆ ಬಳಸುವುದಾಗಿ ಹೇಳಿತು; ಅದರಲ್ಲಿ ಕಾಶ್ಮೀರದ ಗಡಿ ಚುಕ್ಕೆ ಸಾಲಿನಲ್ಲಿತ್ತು. ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಗೆ ಹೊಂದದ ಭಾರತದ ನಕ್ಷೆ ಪ್ರಕಟಿಸುವುದು ನಮ್ಮ ಕಾನೂನಿನಲ್ಲಿ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಸಂಪಾದಕರಿಗೆ ಕಾನೂನನ್ನು ವಿವರಿಸಿ ಬರೆದೆ. ಬಹಳ ಓಲೆಗಳ ನಂತರ, ಕೊಚ್ಚಿಯಿಂದ ಕೆಳಗಿನ ಕಡಲನ್ನು ಮಾತ್ರ ತೋರಿಸುವ ನಕ್ಷೆಗೆ ಒಪ್ಪಿದರು. ನನ್ನ ವಿಷಯಕ್ಕೆ ಬೇಕಾದದ್ದೂ ಅಷ್ಟೇ. ಸರ್ವೇಕ್ಷಣಾ ಇಲಾಖೆಯ ಆನ್‌ಲೈನ್ ನಕ್ಷೆಗಳು ಉಚಿತವಾಗಿ ಸಿಗುತ್ತವೆ, ಅವುಗಳ ಮೇಲೆಯೇ ಗುರುತು ಹಾಕಿಕೊಳ್ಳುವುದು ಕ್ಷೇಮ. ಯುರೋಪಿನ ಸೆಂಟಿನೆಲ್–2 ಉಪಗ್ರಹದ ಚಿತ್ರಗಳೂ ಉಚಿತ. ಹತ್ತು ಮೀಟರ್ ವಿವರದಲ್ಲಿ ರನ್‌ವೇ, ಬಂದರು, ಹೊಸ ಕಟ್ಟಡ ಕಾಣುತ್ತವೆ. ಮುಂಗಾರಿನ ತಿಂಗಳುಗಳಲ್ಲಿ ಮಾತ್ರ ಮೋಡ ಬಿಟ್ಟು ಬೇರೇನೂ ಕಾಣುವುದಿಲ್ಲ.

ಪರಿಶೀಲಕರಲ್ಲಿ ಒಬ್ಬರು ಪ್ರಬಂಧವನ್ನು ಮೆಚ್ಚಿದರು. ಇನ್ನೊಬ್ಬರು, ಇದರಲ್ಲಿ ದೆಹಲಿಯ ದನಿ ಮಾತ್ರ ಇದೆ, ಮಾಲೆಯ ದನಿ ಎಲ್ಲಿ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಮಾಲ್ಡೀವ್ಸ್‌ನ ಧಿವೆಹಿ ಭಾಷೆಯ ಪತ್ರಿಕೆಗಳನ್ನು ಬೆಂಗಳೂರಿನಲ್ಲಿ ಓದಿ ಹೇಳುವವರು ಯಾರು? ಮಿನಿಕಾಯ್‌ನ ಜನ ಆಡುವ ಮಹಲ್ ಮಾತು ಧಿವೆಹಿಯ ಹತ್ತಿರದ ಬಂಧು, ಎರಡಕ್ಕೂ ಥಾನಾ ಲಿಪಿ. ಇಲ್ಲಿನ ಕಾಲೇಜೊಂದರಲ್ಲಿ ಓದುತ್ತಿರುವ ಮಿನಿಕಾಯ್‌ನ ವಿದ್ಯಾರ್ಥಿನಿಯೊಬ್ಬಳು ಗೆಳೆಯರ ಮೂಲಕ ಸಿಕ್ಕಳು. ಭಾನುವಾರಗಳಲ್ಲಿ ನಮ್ಮ ಮನೆಗೆ ಬಂದು ಕುಳಿತು, ಭಾರತೀಯ ಸೈನಿಕರು ಹೊರಡಬೇಕೆಂದು ಮಾಲ್ಡೀವ್ಸ್‌ನಲ್ಲಿ ನಡೆದ ‘ಇಂಡಿಯಾ ಔಟ್’ ಅಭಿಯಾನದ ಕಾಲದ ಲೇಖನಗಳನ್ನು ಓದಿ ಹೇಳಿದಳು. ಗಂಟೆಯ ಲೆಕ್ಕದಲ್ಲಿ ಸಂಭಾವನೆ ಕೊಟ್ಟೆ, ಕೃತಜ್ಞತೆಯಲ್ಲಿ ಹೆಸರಿಸಿದೆ. ಪ್ರಬಂಧದ ಅತ್ಯುತ್ತಮ ಭಾಗ ಬಂದದ್ದು ಆ ಭಾನುವಾರಗಳಿಂದ. ಪರಿಷ್ಕರಿಸಿ ಕಳುಹಿಸಿದ ಮೇಲೆ ಮತ್ತೆ ತಿಂಗಳುಗಳ ಮೌನ, ಆಮೇಲೆ ಸ್ವೀಕೃತಿ.

ಪ್ರಕಟಣೆಗೆ ನಾನು ಹಣ ಕೊಟ್ಟಿಲ್ಲ. ಎಲ್ಲರಿಗೂ ಉಚಿತವಾಗಿ ಓದಲು ಸಿಗುವಂತೆ ಮಾಡಲು ಕೆಲವು ನಿಯತಕಾಲಿಕಗಳು ಲೇಖಕರಿಂದ ದೊಡ್ಡ ಶುಲ್ಕ ಕೇಳುತ್ತವೆ. ಶುಲ್ಕವಿಲ್ಲದ ದಾರಿಯೂ ಬಹುತೇಕ ಕಡೆ ಇರುತ್ತದೆ. ಒಂದು ವಾರದಲ್ಲಿ ಪ್ರಕಟಿಸುತ್ತೇವೆ, ಇಷ್ಟು ಕಳುಹಿಸಿ ಎನ್ನುವವರಿಂದ ದೂರವಿರಿ. ಯೋಗ್ಯ ನಿಯತಕಾಲಿಕಗಳನ್ನು ಹೆಸರಿಸುತ್ತಿದ್ದ ಯುಜಿಸಿಯ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿರುವುದರಿಂದ ನಿಯತಕಾಲಿಕದ ಯೋಗ್ಯತೆಯನ್ನು ನೀವೇ ಅಳೆಯಬೇಕು: ಸಂಪಾದಕ ಮಂಡಳಿಯಲ್ಲಿ ಯಾರಿದ್ದಾರೆ, ನೀವು ಗೌರವಿಸುವ ಸಂಶೋಧಕರು ಅಲ್ಲಿ ಬರೆದಿದ್ದಾರೆಯೇ ಎಂದು ನೋಡಿ.

ಹೆಲಿಕಾಪ್ಟರ್ ಒಪ್ಪಂದದ ಪ್ರತಿಗಾಗಿ ಕೇಂದ್ರ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಹಾಕಿದ್ದೇನೆ. ಮೊದಲ ಮೇಲ್ಮನವಿಯ ಆದೇಶ ಬಂದ ತೊಂಬತ್ತು ದಿನಗಳೊಳಗೆ ಹಾಕಬೇಕು, ಇದಕ್ಕೂ ಶುಲ್ಕವಿಲ್ಲ. ಮೂಲ ಅರ್ಜಿ, ಉತ್ತರ, ಮೊದಲ ಮೇಲ್ಮನವಿ, ಅದರ ಆದೇಶ ಎಲ್ಲವನ್ನೂ ಲಗತ್ತಿಸಬೇಕು. ಅರ್ಜಿ ಬೇರೆ ಇಲಾಖೆಗಳಿಗೆ ವರ್ಗವಾಗಿದ್ದರೆ ಆ ನೋಂದಣಿ ಸಂಖ್ಯೆಗಳನ್ನೂ ಕ್ರಮವಾಗಿ ಬರೆಯಿರಿ. ವಿಚಾರಣೆಯ ದಿನಾಂಕ ಇನ್ನೂ ಬಂದಿಲ್ಲ. ಬಂದಾಗ ದೆಹಲಿಗೆ ಹೋಗಬೇಕಿಲ್ಲ, ವಿಡಿಯೊ ಮೂಲಕ ಇಲ್ಲಿಂದಲೇ ವಾದ ಮಂಡಿಸಬಹುದು. 10ನೇ ಕಲಮಿನ ಮೇಲಿನ ಟಿಪ್ಪಣಿ ಸಿದ್ಧವಾಗಿದೆ.